ಟೊಮೆಟೊ ಲಾರಿಗೆ ಕಂಪನ ಲಾಗರ್: ಸೆಟ್ಟಿಂಗ್‌ನಿಂದ ಕ್ಯಾಲಿಬ್ರೇಶನ್‌ವರೆಗೆ

ಕೋಲಾರದ ಎಪಿಎಂಸಿಯಲ್ಲಿ ಲೋಡ್ ಆದ ಟೊಮೆಟೊ ಚೆನ್ನೈಗೂ ಹೋಗುತ್ತದೆ, ಅದಕ್ಕಿಂತ ಎಷ್ಟೋ ದೂರದ ಊರಿಗೂ ಹೋಗುತ್ತದೆ. ಇಳಿಸುವ ಕಡೆ ಕೆಳಗಿನ ಬಾಕ್ಸ್‌ಗಳಿಂದ ರಸ ಸೋರುತ್ತಿದ್ದರೆ ಜಗಳ ಶುರು. ಡ್ರೈವರ್ ಗುಂಡಿ ನೋಡದೆ ಓಡಿಸಿದ ಅಂತ ಒಬ್ಬರು. ಹಣ್ಣು ಮೊದಲೇ ಮೆತ್ತಗಿತ್ತು ಅಂತ ಇನ್ನೊಬ್ಬರು. ಬಾಕ್ಸ್ ತಲೆತನಕ ತುಂಬಿದ್ದರು ಅಂತ ಮತ್ತೊಬ್ಬರು. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದಾಗ ಒಂದು ಬಾಕ್ಸ್ ಹಾಳಾದರೂ ಯಾರದೋ ಕೂಲಿ ಹೋದ ಹಾಗೆಯೇ ಇತ್ತು.

ನಾನು ಕೋಲಾರದಲ್ಲಿ ಮೀಟರ್ ಮತ್ತು ಮೋಟರ್ ಪ್ಯಾನೆಲ್ ರಿಪೇರಿ ಮಾಡುವವನು. ಲಾರಿ ಇಟ್ಟುಕೊಂಡಿರುವ ನಮ್ಮ ಭಾವ ಒಂದು ಸಲ ಕೇಳಿದರು: "ಯಾವ ಜಾಗದಲ್ಲಿ ಎಷ್ಟು ಏಟು ಬಿತ್ತು ಅಂತ ತೋರಿಸೋಕಾಗುತ್ತೇನಪ್ಪಾ?" ಆಗುತ್ತದೆ. ಕಂಪನ ಅಳೆದು ಬರೆದಿಡುವ ಒಂದು ಡಬ್ಬಿ, ಅಂದರೆ ಲಾಗರ್, ಕಟ್ಟಬೇಕು. ಆದರೆ ಆ ಲೆಕ್ಕ ಇಟ್ಟುಕೊಂಡು ಒಬ್ಬರ ಬಾಡಿಗೆಯಲ್ಲಿ ದುಡ್ಡು ಮುರಿಯುತ್ತಾರೆ ಅಂದರೆ, ಡಬ್ಬಿ ಸುಮ್ನೆ ಏನೋ ಒಂದು ಸಂಖ್ಯೆ ಕೊಟ್ಟರೆ ಸಾಲದು. ಅದಕ್ಕೇ ಇಲ್ಲಿ ಕ್ಯಾಲಿಬ್ರೇಶನ್ನಿಗೇ (ಗೊತ್ತಿರುವ ಅಳತೆಗೆ ಹೋಲಿಸಿ ಯಂತ್ರವನ್ನು ಸರಿಮಾಡುವುದಕ್ಕೆ) ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ವೇಗೋತ್ಕರ್ಷ (ವೇಗ ಎಷ್ಟು ಬೇಗ ಬದಲಾಗುತ್ತದೆ ಅನ್ನೋದು) ಅಳೆಯುವ ಎಡಿಎಕ್ಸ್‌ಎಲ್345 ಸೆನ್ಸರ್ ಬೋರ್ಡ್, ಅದನ್ನು ಓದುವ ಪುಟ್ಟ ಕಂಪ್ಯೂಟರ್ ಇಎಸ್‌ಪಿ32, ಮೈಕ್ರೋ ಎಸ್‌ಡಿ ಕಾರ್ಡ್ ಮಾಡ್ಯೂಲ್, ಡಿಎಸ್3231 ಗಡಿಯಾರದ ಚಿಪ್, ಒಂದು ಜಿಪಿಎಸ್ ಮಾಡ್ಯೂಲ್, ಲಿಥಿಯಂ ಸೆಲ್, ದಪ್ಪ ಅಲ್ಯೂಮಿನಿಯಂ ಡಬ್ಬಿ. ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ರೆಡಿಮೇಡ್ ಲಾಗರ್ ತಂದಿದ್ದರೂ ಮುಂದೆ ಹೇಳುವುದೆಲ್ಲ ಅದಕ್ಕೂ ಹೊಂದುತ್ತದೆ. ಕರೆಂಟಿಗೆ ಪವರ್ ಬ್ಯಾಂಕ್ ಇಡಬೇಡಿ. ಇಷ್ಟು ಸಣ್ಣ ಲೋಡ್ ಕಂಡರೆ ಎಷ್ಟೋ ಪವರ್ ಬ್ಯಾಂಕ್‌ಗಳು ಫೋನ್ ತೆಗೆದರು ಅಂದುಕೊಂಡು ತಾವೇ ಆಫ್ ಆಗುತ್ತವೆ. ಲಾರಿ ಬ್ಯಾಟರಿಗೂ ಜೋಡಿಸಬೇಡಿ. ದೊಡ್ಡ ಲಾರಿಗಳಲ್ಲಿ ಅದು 24 ವೋಲ್ಟ್ ಇರುತ್ತದೆ, ಸ್ಟಾರ್ಟ್ ಮಾಡುವಾಗ ಏರಿಳಿತವೂ ಜೋರು. ಡಬ್ಬಿಯ ಒಳಗೇ ಒಂದು ಸೆಲ್ ಇದ್ದರೆ ತಲೆನೋವಿಲ್ಲ.

ಸೆಟ್ಟಿಂಗ್

ಮೊದಲು ರೇಂಜ್, ಅಂದರೆ ಸೆನ್ಸರ್ ಎಷ್ಟು ದೊಡ್ಡ ಏಟಿನವರೆಗೆ ಅಳೆಯಬೇಕು ಅನ್ನೋದು. ಭೂಮಿ ನಮ್ಮನ್ನು ಎಳೆಯುವಷ್ಟು ವೇಗೋತ್ಕರ್ಷಕ್ಕೆ 1 ಜಿ ಅಂತ ಲೆಕ್ಕ. ಡಾಂಬರು ರಸ್ತೆಯಲ್ಲಿ ಲಾರಿ ನೆಲದ ಕಂಪನ ಒಂದು ಜಿಯೊಳಗೇ ಆಡುತ್ತಿರುತ್ತದೆ. ಹಂಪ್‌ನಲ್ಲೋ ಗುಂಡಿಯಲ್ಲೋ ಬಿದ್ದಾಗ ಮಾತ್ರ ಒಂದೇ ಕ್ಷಣ ಅದರ ಹಲವು ಪಟ್ಟು ಏರುತ್ತದೆ. ನಮಗೆ ಬೇಕಾಗಿರುವುದು ಆ ಕ್ಷಣವೇ ಅಲ್ವಾ? 2 ಜಿ ರೇಂಜ್ ಇಟ್ಟರೆ ಆ ಏಟಿನ ತಲೆ ಕತ್ತರಿಸಿ ಹೋಗುತ್ತದೆ, ಗ್ರಾಫ್ ಚಪ್ಪಟೆಯಾಗಿ ಕಾಣುತ್ತದೆ. ಈ ಚಿಪ್‌ನಲ್ಲಿ ಫುಲ್ ರೆಸಲ್ಯೂಶನ್ ಆನ್ ಮಾಡಿದರೆ 16 ಜಿ ರೇಂಜ್‌ನಲ್ಲೂ ಅಳತೆಯ ಒಂದೊಂದು ಮೆಟ್ಟಿಲು ಸುಮಾರು 4 ಮಿಲಿ-ಜಿಯೇ (ಒಂದು ಜಿಯ ಸಾವಿರದಲ್ಲಿ ನಾಲ್ಕು ಪಾಲು) ಇರುತ್ತದೆ. ಹಾಗಾಗಿ ಕಣ್ಣು ಮುಚ್ಚಿಕೊಂಡು 16 ಇಡಿ. ಎಂಪಿಯು6050 ಅನ್ನುವ ಇನ್ನೊಂದು ಸೆನ್ಸರ್ ಬಳಸುವವರಿಗೆ ಈ ಅನುಕೂಲ ಇಲ್ಲ. ಅದು 2 ಜಿಯಲ್ಲಿ ಒಂದು ಜಿಗೆ 16384 ಎಣಿಕೆ (ಅಂದರೆ ಅಷ್ಟು ಮೆಟ್ಟಿಲು) ಕೊಡುತ್ತದೆ, 16 ಜಿಯಲ್ಲಿ 2048 ಮಾತ್ರ. ಆದರೂ ಲಾರಿ ಕೆಲಸಕ್ಕೆ ಅಷ್ಟು ಸಾಕು.

ಆಮೇಲೆ ವೇಗ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು ಅನ್ನೋದು. ಸ್ಪ್ರಿಂಗ್ ಪಟ್ಟಿಯ ಮೇಲೆ ಲಾರಿ ಬಾಡಿ ಕುಣಿಯುವುದು ಹೆಚ್ಚುಕಮ್ಮಿ 2ರಿಂದ 5 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಸಲ. ಆಕ್ಸಲ್ ಮತ್ತು ಟಯರ್ ಕುಣಿಯುವುದು 10ರಿಂದ 20ರ ಸುಮಾರಿನಲ್ಲಿ. ಅದರ ಮೇಲೆ ಎಂಜಿನ್, ಹಲಗೆ, ಚೈನುಗಳ ಸದ್ದೆಲ್ಲ ಇರುತ್ತದೆ. ನಾನು 400 ಇಡುತ್ತೇನೆ. ಆಗ ಚಿಪ್ ಒಳಗಿನ ಫಿಲ್ಟರ್ ತಾನಾಗಿಯೇ 200 ಹರ್ಟ್ಜ್‌ಗೆ ಬಂದು ನಿಲ್ಲುತ್ತದೆ, ಅದಕ್ಕಿಂತ ವೇಗದ ನಡುಕವನ್ನು ತಗ್ಗಿಸುತ್ತದೆ.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ, ಎಚ್ಚರ. ಚಿಪ್ಪನ್ನು 3200ರಲ್ಲಿ ಓಡಿಸಿ, ಕಾರ್ಡ್ ತುಂಬುತ್ತದೆ ಅಂತ ಸೆಕೆಂಡಿಗೆ 100 ಸಲ ಮಾತ್ರ ಓದುವವರಿದ್ದಾರೆ. ಹೀಗೆ ಮಾಡಿದರೆ 190 ಹರ್ಟ್ಜ್‌ನಲ್ಲಿ ಗುಂಯ್ ಅನ್ನುವ ಒಂದು ಸಡಿಲ ತಗಡು ನಿಮ್ಮ ಫೈಲಿನಲ್ಲಿ 10 ಹರ್ಟ್ಜ್ ಆಗಿ ಕಾಣುತ್ತದೆ. ನೀವು ಟಯರ್ ಸರಿಯಿಲ್ಲ, ಆಕ್ಸಲ್ ಸರಿಯಿಲ್ಲ ಅಂತ ಬಿಚ್ಚಿ ನೋಡುತ್ತೀರಿ. ಒಮ್ಮೆ ಹೀಗೆ ಬೆರೆತದ್ದನ್ನು ಆಮೇಲೆ ಯಾವ ಸಾಫ್ಟ್‌ವೇರ್ ಹಾಕಿದರೂ ಬೇರೆ ಮಾಡೋಕಾಗುವುದಿಲ್ಲ. ಚಿಪ್ ಅಳೆಯುವ ವೇಗ, ನೀವು ಓದುವ ವೇಗ ಎರಡೂ ಒಂದೇ ಇರಲಿ.

ಜಾಗದ ಚಿಂತೆ ಬೇಡ. ಮೂರು ಅಕ್ಷ, ಒಂದೊಂದಕ್ಕೆ ಎರಡು ಬೈಟ್, 400 ಸಲ ಅಂದರೆ ಸೆಕೆಂಡಿಗೆ 2400 ಬೈಟ್. ಗಂಟೆಗೆ 9 ಎಂಬಿ ಕೂಡ ಆಗುವುದಿಲ್ಲ. ಬೈನರಿಯಾಗಿಯೇ ಬರೆಯಿರಿ, ಅಕ್ಷರದ ರೂಪಕ್ಕೆ ಮನೆಯಲ್ಲಿ ಕೂತು ತಿರುಗಿಸಿಕೊಳ್ಳಬಹುದು.

ಕಾರ್ಡ್‌ಗೆ ಬರೆಯುವಾಗ ಇನ್ನೊಂದು ತೊಂದರೆ ಇದೆ. ಎಸ್‌ಡಿ ಕಾರ್ಡ್ ಆಗಾಗ ತನ್ನ ಒಳಗೆಲಸಕ್ಕೆ ನಿಂತುಬಿಡುತ್ತದೆ. ಸೆನ್ಸರ್‌ನ ಒಳಗೆ 32 ಅಳತೆ ಹಿಡಿಯುವ ಸಾಲು ಇದೆ, ಆದರೆ 400ರ ವೇಗದಲ್ಲಿ ಅದು 80 ಮಿಲಿಸೆಕೆಂಡಿಗೆ ತುಂಬಿಹೋಗುತ್ತದೆ. ಕಾರ್ಡ್ ಅದಕ್ಕಿಂತ ಜಾಸ್ತಿ ಹೊತ್ತು ನಿಂತರೆ ನಡುವಿನ ಅಳತೆಗಳು ಮಾಯ. ಇಎಸ್‌ಪಿ32ರಲ್ಲಿ ಎರಡು ಕೋರ್ ಇವೆ. ಒಂದು ಕೋರ್ ಸೆನ್ಸರ್ ಓದಿ ಮೆಮೊರಿಗೆ ಹಾಕುತ್ತಿರಲಿ, ಇನ್ನೊಂದು ಅಲ್ಲಿಂದ ತೆಗೆದು ಕಾರ್ಡ್‌ಗೆ ಬರೆಯಲಿ. ಎರಡು ಸೆಕೆಂಡಿನ ಅಳತೆ ಹಿಡಿಯಲು 4800 ಬೈಟ್ ಮೆಮೊರಿ ಸಾಕು. ಜೊತೆಗೆ ಸೆನ್ಸರ್ ಸಾಲು ಉಕ್ಕಿತೇ ಅಂತ ಪ್ರತಿ ಸಲ ನೋಡಿ, ಉಕ್ಕಿದ್ದರೆ ಫೈಲಿನಲ್ಲೇ ಗುರುತು ಹಾಕಿಸಿ. ಕಳೆದುಹೋದದ್ದು ಗೊತ್ತಿದ್ದರೆ ಸಂಭಾಳಿಸಬಹುದು, ಗೊತ್ತಿಲ್ಲದಿದ್ದರೆ ಪೂರ್ತಿ ಫೈಲೇ ದಾರಿ ತಪ್ಪಿಸುತ್ತದೆ.

ಟ್ರಿಗರ್, ಅಂದರೆ ಏಟು ಒಂದು ಮಿತಿ ದಾಟಿದಾಗ ಮಾತ್ರ ದಾಖಲಿಸುವ ಸೆಟ್ಟಿಂಗ್, ಇಡಬೇಕೇ ಅಂತ ಕೇಳುತ್ತಾರೆ. ಒಂದು ರಾತ್ರಿಯ ಓಟಕ್ಕೆ ಬೇಡ, ಎಲ್ಲವನ್ನೂ ದಾಖಲಿಸಿ. ನಾಲ್ಕೈದು ದಿನದ ಉತ್ತರ ಭಾರತದ ಟ್ರಿಪ್ ಆದರೆ, ಬ್ಯಾಟರಿ ಉಳಿಸಲು ಎರಡು ಬಗೆಯ ದಾಖಲೆ ಇಟ್ಟುಕೊಳ್ಳಿ. ಒಂದು, ನಿಮಿಷಕ್ಕೊಮ್ಮೆ ಐದಾರು ಸೆಕೆಂಡ್, ಏನಾದರೂ ಆಗಿರಲಿ ಬಿಡಲಿ. ಇನ್ನೊಂದು, 2 ಜಿ ದಾಟಿದರೆ ಏಟಿಗೆ ಅರ್ಧ ಸೆಕೆಂಡ್ ಹಿಂದಿನಿಂದ ಒಂದೂವರೆ ಸೆಕೆಂಡ್ ಮುಂದಿನವರೆಗೆ. ಇವೆರಡನ್ನೂ ಬೇರೆ ಬೇರೆ ಫೈಲಿನಲ್ಲಿಡಿ. ಬೆರೆಸಿ ಸರಾಸರಿ ತೆಗೆದರೆ ಇಡೀ ರಸ್ತೆಯೇ ಗುಂಡಿಯ ಹಾಗೆ ಕಾಣುತ್ತದೆ, ಡ್ರೈವರ್‌ಗೆ ಅನ್ಯಾಯ ಆಗುತ್ತದೆ.

ಆರು ಮುಖದ ಕ್ಯಾಲಿಬ್ರೇಶನ್

ದುಡ್ಡಿಲ್ಲದೆ ಸಿಗುವ ಅತ್ಯಂತ ನಂಬಿಕೆಯ ಅಳತೆಗೋಲು ಗುರುತ್ವ. ಒಂದು ಪಾಲಿಶ್ ಮಾಡಿದ ಗ್ರಾನೈಟ್ ತುಂಡು ತನ್ನಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆ ಅದಕ್ಕೇನು ಬರ! ರಸಮಟ್ಟ ಇಟ್ಟು ಅದನ್ನು ಎರಡೂ ದಿಕ್ಕಿಗೆ ಸಮ ಮಾಡಿ. ಮೂಲೆಮಟ್ಟ ಒತ್ತಿಕೊಂಡು ಡಬ್ಬಿಯನ್ನು ಆರೂ ಮುಖದ ಮೇಲೆ ಒಂದಾದ ಮೇಲೊಂದು ಕೂರಿಸಿ. ಪ್ರತಿ ಮುಖಕ್ಕೆ 30 ಸೆಕೆಂಡ್ ದಾಖಲಿಸಿ ಸರಾಸರಿ ತೆಗೆಯಿರಿ. ಫ್ಯಾನ್ ಆಫ್ ಮಾಡಿ, ಪಕ್ಕದಲ್ಲಿ ಯಾರೂ ಓಡಾಡದೇ ಇರಲಿ.

ಒಂದು ಉದಾಹರಣೆ ನೋಡೋಣ. ಝಡ್ ಅಕ್ಷ ಮೇಲ್ಮುಖ ಇದ್ದಾಗ 243 ಬಂತು, ಕೆಳಮುಖ ಇದ್ದಾಗ ಮೈನಸ್ 259 ಬಂತು. ಎರಡನ್ನೂ ಕೂಡಿ ಅರ್ಧ ಮಾಡಿದರೆ ಮೈನಸ್ 8. ಇದು ಆಫ್‌ಸೆಟ್, ಅಂದರೆ ಏನೂ ಇಲ್ಲದಾಗಲೂ ಸೆನ್ಸರ್ ಹೇಳುವ ಸಂಖ್ಯೆ. ಮೊದಲನೆಯದರಿಂದ ಎರಡನೆಯದನ್ನು ಕಳೆದು ಅರ್ಧ ಮಾಡಿದರೆ 251. ಇದು ಒಂದು ಜಿಗೆ ಸಿಗುವ ಎಣಿಕೆ. ಕಂಪನಿ ಕಾಗದದಲ್ಲಿ 256 ಅಂತ ಇರುತ್ತದೆ, ಅದು ಸರಾಸರಿ ಚಿಪ್‌ನ ಲೆಕ್ಕ, ನಿಮ್ಮ ಕೈಯಲ್ಲಿರುವ ಚಿಪ್‌ನದ್ದಲ್ಲ. ಇನ್ನು ಮುಂದೆ ಬರುವ ಪ್ರತಿ ಎಣಿಕೆಗೆ 8 ಕೂಡಿಸಿ 251ರಿಂದ ಭಾಗಿಸಿ. ದಾರಿಯಲ್ಲಿ 494 ಬಂತು ಅಂದರೆ ಅದು ಸರಿಯಾಗಿ 2 ಜಿ. ಕ್ಯಾಲಿಬ್ರೇಶನ್ ಇಲ್ಲದಿದ್ದರೆ 1.93 ಅಂತ ಬರೆದುಕೊಳ್ಳುತ್ತಿದ್ದಿರಿ, 2 ಜಿಯ ಟ್ರಿಗರ್ ಹೊಡೆಯುತ್ತಲೇ ಇರಲಿಲ್ಲ.

ಡಬ್ಬಿ ಸ್ವಲ್ಪ ವಾಲಿದ್ದರೆ ಏನಾಗುತ್ತದೆ? ಎರಡು ಡಿಗ್ರಿ ವಾಲಿದರೆ ನೆಟ್ಟಗಿರುವ ಅಕ್ಷದಲ್ಲಿ ಸಾವಿರಕ್ಕೆ ಒಂದರಷ್ಟೂ ವ್ಯತ್ಯಾಸ ಬರುವುದಿಲ್ಲ. ಆದರೆ ಅಡ್ಡ ಅಕ್ಷದಲ್ಲಿ 35 ಮಿಲಿ-ಜಿ ಸೇರಿಕೊಳ್ಳುತ್ತದೆ. ಅದಕ್ಕೇ ಒಂದು ಅಕ್ಷದ ಆಫ್‌ಸೆಟ್ ಲೆಕ್ಕಕ್ಕೆ ಆ ಅಕ್ಷವೇ ನೆಟ್ಟಗೆ ನಿಂತ ಎರಡು ಓದುಗಳನ್ನು ಮಾತ್ರ ತೆಗೆದುಕೊಳ್ಳಿ. ಮುಗಿದ ಮೇಲೆ ಡಬ್ಬಿಯನ್ನು ಒಂದು ಪುಸ್ತಕಕ್ಕೆ ಒರಗಿಸಿ ಅಡ್ಡಾದಿಡ್ಡಿ ಇಡಿ. ಮೂರೂ ಅಕ್ಷದ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಿರಿ. ಹೇಗೆ ಇಟ್ಟರೂ 1.00 ಹತ್ತಿರವೇ ಬರಬೇಕು.

ನಮ್ಮ ಊರಿನ ಒಂದು ವಿಶೇಷ ಇದೆ. ಪುಸ್ತಕದ ಗುರುತ್ವ 9.80665 ಮೀ/ಸೆ². ಕೋಲಾರ ಸಮಭಾಜಕಕ್ಕೆ ಹತ್ತಿರ, 13 ಡಿಗ್ರಿ ಅಕ್ಷಾಂಶ, ಮೇಲಾಗಿ ಸಮುದ್ರಕ್ಕಿಂತ 800 ಮೀಟರಿಗೂ ಎತ್ತರ. ಇಲ್ಲಿ ಗುರುತ್ವ ಸುಮಾರು 9.78. ನೀವು ಇಲ್ಲಿನ ಗ್ರಾನೈಟ್ ಮೇಲೆ ಕೂರಿಸಿ ಕ್ಯಾಲಿಬ್ರೇಟ್ ಮಾಡಿದ್ದೀರಿ, ಹಾಗಾಗಿ ನಿಮ್ಮ ಒಂದು ಜಿ ಅಂದರೆ ಇಲ್ಲಿನ ಜಿ. ಮೀಟರ್ ಲೆಕ್ಕಕ್ಕೆ ತಿರುಗಿಸುವಾಗ 9.78ರಿಂದಲೇ ಗುಣಿಸಿ. ವ್ಯತ್ಯಾಸ ಕಾಲು ಪರ್ಸೆಂಟ್ ಅಷ್ಟೇ, ಟೊಮೆಟೊಗೆ ಗೊತ್ತೂ ಆಗುವುದಿಲ್ಲ. ಆದರೂ ಲೆಕ್ಕ ಸರಿಯಾಗಿರಲಿ ಅನ್ನೋದು ನನ್ನ ಆಸೆ.

ಈ ಆರು ಮುಖದ ಕೆಲಸವನ್ನು ಬೆಳಗಿನ ತಂಪಿನಲ್ಲಿ ಒಮ್ಮೆ, ಡಬ್ಬಿಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಕಾಯಿಸಿ ಇನ್ನೊಮ್ಮೆ ಮಾಡಿ. ಝಡ್ ಅಕ್ಷದ ಆಫ್‌ಸೆಟ್ ಡಿಗ್ರಿಗೆ ಸುಮಾರು ಒಂದು ಮಿಲಿ-ಜಿ ಜರುಗಬಹುದು. ಏಪ್ರಿಲ್ ಬಿಸಿಲಿನಲ್ಲಿ ಕಬ್ಬಿಣದ ಲಾರಿ ಬಾಡಿ ಎಷ್ಟು ಕಾಯುತ್ತದೆ ಅಂತ ಕೈ ಇಟ್ಟವರಿಗೆ ಗೊತ್ತು.

ಲೇತ್ ಮೇಲೆ ಪರೀಕ್ಷೆ

ಗ್ರಾನೈಟ್ ಮೇಲಿನ ಪರೀಕ್ಷೆ ಒಂದು ಜಿವರೆಗೆ ಮಾತ್ರ ಹೇಳುತ್ತದೆ, ಅದೂ ನಿಂತಲ್ಲಿ ನಿಂತಾಗ. ಅಲುಗಾಡುವಾಗ ಏನು ಕಥೆ? ಲ್ಯಾಬ್‌ಗಳಲ್ಲಿ ಇದಕ್ಕೆ ಕೈಯಲ್ಲಿ ಹಿಡಿಯುವ ಶೇಕರ್ ಇರುತ್ತದೆ. ಸಾಮಾನ್ಯವಾಗಿ ಅದು 159.2 ಹರ್ಟ್ಜ್‌ನಲ್ಲಿ ನಡುಗುತ್ತದೆ. ನಮಗೆ ಬೇಕಾಗಿರುವುದು 2ರಿಂದ 20 ಹರ್ಟ್ಜ್. ಹಾಗಾಗಿ ಪರಿಚಯದ ಲೇತ್ ಅಂಗಡಿಯೇ ಒಳ್ಳೆಯದು.

ಲೇತ್‌ನ ಫೇಸ್‌ಪ್ಲೇಟ್‌ಗೆ (ಸುತ್ತುವ ಚಪ್ಪಟೆ ತಟ್ಟೆಗೆ) ಡಬ್ಬಿಯನ್ನು ಎರಡು ಬೋಲ್ಟ್ ಹಾಕಿ ಕಟ್ಟಿ. ಒಂದು ಅಕ್ಷ ನೇರವಾಗಿ ನಡುಮಧ್ಯಕ್ಕೆ ಮುಖ ಮಾಡಿರಲಿ. ಎದುರು ಬದಿಗೆ ಅಷ್ಟೇ ತೂಕದ ಕಬ್ಬಿಣ ಕಟ್ಟಿ. ಅತ್ಯಂತ ಕಡಿಮೆ ಸ್ಪೀಡಿನಿಂದ ಶುರು ಮಾಡಿ, ನಿಮಿಷಕ್ಕೆ 120 ಸುತ್ತಿನ ಆಸುಪಾಸಿಗೆ ತನ್ನಿ, ಪಕ್ಕಕ್ಕೆ ನಿಂತುಕೊಳ್ಳಿ. ಅದಕ್ಕಿಂತ ಜೋರು ಮಾಡುವ ಆಸೆ ಬೇಡ. 600 ಸುತ್ತಿಗೆ ಹೋದರೆ ಬಲ 25 ಪಟ್ಟಾಗುತ್ತದೆ. ಸೆನ್ಸರ್ ರೇಂಜ್ ಅಂತೂ ದಾಟಿಯೇ ದಾಟುತ್ತದೆ, ಡಬ್ಬಿ ಕಿತ್ತು ಬಂದು ಯಾರ ಮೈಮೇಲಾದರೂ ಬೀಳಬಹುದು.

ಈಗ ಫೈಲ್ ನೋಡಿ. ಮಧ್ಯಕ್ಕೆ ಮುಖ ಮಾಡಿದ ಅಕ್ಷದಲ್ಲಿ ಎರಡು ಸಂಗತಿ ಕಾಣುತ್ತವೆ. ಒಂದು, ಸರಾಸರಿ ಮೇಲಕ್ಕೆ ಏರಿ ನಿಂತಿರುತ್ತದೆ. ಅದು ಸುತ್ತುವಿಕೆಯಿಂದ ಬಂದದ್ದು. 120 ಸುತ್ತಿನಲ್ಲಿ ಸೆನ್ಸರ್ ಮಧ್ಯದಿಂದ 150 ಮಿ.ಮೀ. ದೂರ ಇದ್ದರೆ ಅದು 2.42 ಜಿ. ಇನ್ನೊಂದು, ಅದರ ಮೇಲೆ ಒಂದು ಚಂದದ ಅಲೆ. ಡಬ್ಬಿ ಮೇಲೆ ಹೋದಾಗ, ಕೆಳಗೆ ಬಂದಾಗ ಗುರುತ್ವ ಒಮ್ಮೆ ಒಂದು ಕಡೆಗೆ, ಒಮ್ಮೆ ಇನ್ನೊಂದು ಕಡೆಗೆ ಬೀಳುತ್ತದೆ. ಈ ಅಲೆ ಸರಾಸರಿಯಿಂದ ಮೇಲಕ್ಕೆ 1 ಜಿ, ಕೆಳಕ್ಕೆ 1 ಜಿ ಇರಲೇಬೇಕು, ಸೆಕೆಂಡಿಗೆ ಎರಡು ಸಲ ಬರಬೇಕು. ಲಾರಿ ಬಾಡಿ ಕುಣಿಯುವುದೂ ಇದೇ ವೇಗದಲ್ಲಿ. ಇಷ್ಟು ನಿಖರವಾದ 2 ಹರ್ಟ್ಜ್ ಕಂಪನ ಬೇರೆಲ್ಲಿ ಬಿಟ್ಟಿ ಸಿಗುತ್ತದೆ, ಹೇಳಿ! ಅಲೆ 0.9 ಅಷ್ಟೇ ಬಂದರೆ ಯಾವುದೋ ಫಿಲ್ಟರ್ ತಪ್ಪು ಕೂತಿದೆ ಅಂತಲೇ ಅರ್ಥ.

ಸೆನ್ಸರ್ ಚಿಪ್ ಡಬ್ಬಿಯ ಒಳಗೆ ಎಲ್ಲಿದೆ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯೋದು ಕಷ್ಟ. ಅದಕ್ಕೊಂದು ಉಪಾಯ ಇದೆ. ಒಮ್ಮೆ ಓಡಿಸಿ, ಡಬ್ಬಿಯನ್ನು ಸರಿಯಾಗಿ 50 ಮಿ.ಮೀ. ಒಳಕ್ಕೆ ಸರಿಸಿ, ಅದೇ ಸ್ಪೀಡಿನಲ್ಲಿ ಮತ್ತೆ ಓಡಿಸಿ. ಎರಡು ಸರಾಸರಿಗಳ ವ್ಯತ್ಯಾಸ 0.807 ಜಿ ಬರಬೇಕು. ಚಿಪ್ ಎಲ್ಲಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಸ್ಪೀಡ್ ಮಾತ್ರ ಸುತ್ತು ಎಣಿಸುವ ಟ್ಯಾಕೋಮೀಟರ್‌ನಲ್ಲಿ ಸರಿಯಾಗಿ ಹಿಡಿಯಿರಿ, ಅಲ್ಲಿ ಒಂದು ಪರ್ಸೆಂಟ್ ತಪ್ಪಿದರೆ ಇಲ್ಲಿ ಎರಡು ಪರ್ಸೆಂಟ್ ತಪ್ಪುತ್ತದೆ.

ಸುತ್ತುವ ದಿಕ್ಕಿಗೆ ಇರುವ ಇನ್ನೊಂದು ಅಕ್ಷದಲ್ಲೂ 1 ಜಿ ಅಲೆ ಇರುತ್ತದೆ, ಆದರೆ ಸರಾಸರಿ ಸೊನ್ನೆ. 0.04 ಏನಾದರೂ ಕಂಡರೆ ಡಬ್ಬಿ ಒಂದು ಡಿಗ್ರಿಯಷ್ಟು ಓರೆಯಾಗಿದೆ, ಸರಿಮಾಡಿ ಮತ್ತೆ ಓಡಿಸಿ.

ಗಡಿಯಾರ

ಟ್ಯಾಕೋಮೀಟರ್ 120 ಅಂತ ಹೇಳಿದಾಗ ಫೈಲಿನ ಅಲೆ 2.03 ಹರ್ಟ್ಜ್ ಅಂತ ತೋರಿಸಿದರೆ ತಪ್ಪು ಚಿಪ್‌ನ ಒಳಗಡಿಯಾರದ್ದು. 400 ಅಂತ ಹೇಳಿ 394 ಓಡುತ್ತಿರುತ್ತದೆ. ಡಿಎಸ್3231 ಇಟ್ಟುಕೊಂಡು ಒಂದು ಗಂಟೆ ದಾಖಲಿಸಿ, ಅಳತೆಗಳನ್ನು ಎಣಿಸಿ. 14,40,000 ಇರಬೇಕಾದಲ್ಲಿ 14,18,400 ಇದ್ದರೆ ನಿಮ್ಮ ನಿಜವಾದ ವೇಗ 394. ಮುಂದಿನ ಲೆಕ್ಕಕ್ಕೆಲ್ಲ ಅದನ್ನೇ ಹಾಕಿ. ಜಿಪಿಎಸ್ ಸಮಯ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ. ಮರೆತರೆ ಮುಳಬಾಗಿಲಿನ ಹಂಪ್ ಇನ್ನೆಲ್ಲೋ ಕಾಣುತ್ತದೆ.

ಲಾರಿಗೆ ಕೂರಿಸುವುದು

ಇಷ್ಟೆಲ್ಲ ಮಾಡಿ ಕೊನೆಗೆ ಡಬಲ್ ಟೇಪ್ ಹಾಕಿ ಅಂಟಿಸಿದರೆ ಎಲ್ಲ ನೀರುಪಾಲು. ಫೋಮ್ ಇರುವ ಟೇಪ್ ತಾನೇ ಒಂದು ಸ್ಪ್ರಿಂಗ್. ಬೋಲ್ಟ್ ಅತ್ಯುತ್ತಮ. ಮಾಲೀಕರು ತೂತು ಕೊರೆಯಲು ಬಿಡದಿದ್ದರೆ ಪೇಂಟ್ ಕೆರೆದು ಅರಾಲ್ಡೈಟ್‌ನಲ್ಲಿ ಒಂದು ಕಬ್ಬಿಣದ ಪಟ್ಟಿ ಅಂಟಿಸಿ, ಅದಕ್ಕೆ ಡಬ್ಬಿ ಬೋಲ್ಟ್ ಮಾಡಿ. ಡಬ್ಬಿಯ ಒಳಗೂ ಅಷ್ಟೇ. ಸೆನ್ಸರ್ ಬೋರ್ಡ್ ಕಂಬಗಳ ಮೇಲೆ ನೇತಾಡದೆ ತಳಕ್ಕೆ ಗಟ್ಟಿಯಾಗಿ ಕೂತಿರಲಿ. ವೈರ್‌ಗಳನ್ನು ಕಟ್ಟಿಹಾಕಿ. ಎಲ್ಲ ಆದ ಮೇಲೆ ಲಾರಿ ನೆಲಕ್ಕೆ ಮರದ ಸುತ್ತಿಗೆಯಲ್ಲಿ ಒಮ್ಮೆ ತಟ್ಟಿ ಫೈಲ್ ನೋಡಿ. ಏಟು ಬಿದ್ದ ಮೇಲೂ ಒಂದೇ ಹರ್ಟ್ಜ್‌ನಲ್ಲಿ ತುಂಬ ಹೊತ್ತು ಗುನುಗುತ್ತಿದ್ದರೆ ಎಲ್ಲೋ ಸಡಿಲ ಇದೆ.

ಜಾಗ ಎಲ್ಲಿ? ಹಿಂದಿನ ಆಕ್ಸಲ್ ಮೇಲೆ ಒಂದು, ಆಕ್ಸಲ್ ದಾಟಿ ಬಾಡಿಯ ಬಾಲದ ಕಡೆ ಇನ್ನೊಂದು, ಎರಡೂ ನೆಲದ ಅಡ್ಡಪಟ್ಟಿಯ ಮೇಲೆ. ಬಾಲದ ಕಡೆಯೇ ಜಾಸ್ತಿ ಎತ್ತಿ ಹಾಕುವುದು. ಮೂರನೇ ಡಬ್ಬಿ ಇದ್ದರೆ ಮೇಲಿನ ಸಾಲಿನ ಬಾಕ್ಸ್‌ನ ತಳಕ್ಕೆ ಕಟ್ಟಿ. ಕೆಳಗಿನ ಕಂಪನ ಸಾಲಿನಿಂದ ಸಾಲಿಗೆ ಹೋಗುತ್ತಾ ದೊಡ್ಡದಾಗಬಹುದು. ನೆಲ ಕೆಳಕ್ಕೆ ಜಾರುವ ವೇಗೋತ್ಕರ್ಷ 1 ಜಿ ದಾಟಿದ ಕ್ಷಣ ಹಣ್ಣು ಬಾಕ್ಸ್ ಬಿಟ್ಟು ಗಾಳಿಯಲ್ಲಿರುತ್ತದೆ. ಮರುಕ್ಷಣ ಬೀಳುತ್ತದೆ. ಒಂದೇ ದೊಡ್ಡ ಏಟಿಗಿಂತ ರಾತ್ರಿಯಿಡೀ ಈ ಸಣ್ಣ ಕುಪ್ಪಳಿಕೆ ಹಣ್ಣಿನ ಸಿಪ್ಪೆ ಉಜ್ಜುವುದನ್ನು ನಾನು ಮೇಲಿನ ಸಾಲುಗಳಲ್ಲಿ ಕಣ್ಣಾರೆ ನೋಡಿದ್ದೇನೆ.

ಒಂದು ಮಾತು ಬದಿಗೆ ಹೇಳಬೇಕು. ಈ ಡಬ್ಬಿ ನೋಡಿದ ಕೆಲವರು, ಕ್ವಾರಿಯ ಬ್ಲಾಸ್ಟಿಂಗ್‌ನಿಂದ ಮನೆ ಗೋಡೆ ಬಿರುಕು ಬಿಡುತ್ತಿದೆ, ಇದರಲ್ಲೇ ಅಳೆದುಕೊಡಿ ಅಂತ ಕೇಳುತ್ತಾರೆ. ಅವರ ಕಷ್ಟ ನಿಜ. ಆದರೆ ಇದು ಆ ಕೆಲಸದ ಯಂತ್ರ ಅಲ್ಲ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ಪ್ರಕಾರ ವಾಸದ ಮನೆಗೆ 8 ಹರ್ಟ್ಜ್‌ಗಿಂತ ಕೆಳಗಿನ ಕಂಪನದಲ್ಲಿ ಮಿತಿ ಸೆಕೆಂಡಿಗೆ 5 ಮಿ.ಮೀ. ವೇಗ. 8 ಹರ್ಟ್ಜ್‌ನಲ್ಲಿ ಅದು ಸುಮಾರು 26 ಮಿಲಿ-ಜಿ ಮಾತ್ರ. ನಮ್ಮ ಸೆನ್ಸರ್‌ನ ಒಂದು ಮೆಟ್ಟಿಲೇ 4. ಅಷ್ಟು ಸಣ್ಣದನ್ನು ಇದರಲ್ಲಿ ಹಿಡಿದು ಯಾರ ಮುಂದೆಯೂ ವಾದ ಮಾಡೋಕಾಗುವುದಿಲ್ಲ. ಅದಕ್ಕೆ ಜಿಯೋಫೋನ್ (ನೆಲದ ಕಂಪನದ ವೇಗ ಅಳೆಯುವ ಸೆನ್ಸರ್) ಇರುವ ಯಂತ್ರವೇ ಬೇಕು.

ಫೈಲ್ ಓದುವುದು

ಮೊದಲ ಓಟವನ್ನು ಖಾಲಿ ಲಾರಿಯಲ್ಲಿ, ಎರಡನೆಯದನ್ನು ಲೋಡ್ ಹಾಕಿಕೊಂಡು ಅದೇ ರಸ್ತೆಯಲ್ಲಿ ಮಾಡಿ. ಖಾಲಿ ಲಾರಿಯೇ ಜಾಸ್ತಿ ಕುಣಿಯಬೇಕು, ಏಕೆಂದರೆ ಸ್ಪ್ರಿಂಗ್ ಪಟ್ಟಿ ಭಾರಕ್ಕೆ ತಕ್ಕ ಹಾಗೆ ಮಾಡಿದ್ದು. ಉಲ್ಟಾ ಬಂದರೆ ರಸ್ತೆಯನ್ನು ಬೈಯುವ ಮೊದಲು ಜೋಡಣೆ ನೋಡಿ.

ಫೈಲನ್ನು 2048 ಅಳತೆಗಳ ತುಂಡು ಮಾಡಿ ಫ್ರೀಕ್ವೆನ್ಸಿ ಗ್ರಾಫ್ ತೆಗೆಯಿರಿ. ಒಂದು ತುಂಡು ಐದು ಸೆಕೆಂಡಿನ ಚಿಲ್ಲರೆ. 3 ಹರ್ಟ್ಜ್ ಹತ್ತಿರ ಗುಡ್ಡ ಎದ್ದಿದ್ದರೆ ಸ್ಪ್ರಿಂಗ್ ಪಟ್ಟಿ ಕಡೆ ನೋಡಿ, 15ರ ಹತ್ತಿರ ಎದ್ದಿದ್ದರೆ ಮೊದಲು ಟಯರ್ ಗಾಳಿ ಪರೀಕ್ಷಿಸಿ. ವೇಗೋತ್ಕರ್ಷವನ್ನು ಎರಡು ಸಲ ಕೂಡಿಸಿ ಎಷ್ಟು ಇಂಚು ಎಗರಿತು ಅಂತ ತೆಗೆಯಲು ಹೋಗಬೇಡಿ. ಉಳಿದ ಸಣ್ಣ ಆಫ್‌ಸೆಟ್ ಕೂಡ ಬೆಳೆದು ಬೆಳೆದು ಲಾರಿ ಆಕಾಶಕ್ಕೆ ಹಾರಿದ ಹಾಗೆ ತೋರಿಸುತ್ತದೆ.

ಏಟುಗಳನ್ನು ಜಿಪಿಎಸ್ ಜೊತೆ ನಕ್ಷೆಗೆ ಹಾಕಿದಾಗ ಜಗಳದ ಸ್ವರೂಪವೇ ಬದಲಾಗುತ್ತದೆ. ನಾನು ನೋಡಿದ ಫೈಲ್‌ಗಳಲ್ಲಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬಿದ್ದದ್ದಕ್ಕಿಂತ ಜೋರು ಏಟು ಕಂಡದ್ದು ತೋಟದಿಂದ ಡಾಂಬರಿಗೆ ಬರುವ ಮಣ್ಣುದಾರಿಯಲ್ಲಿ, ಅಂದರೆ ಹಣ್ಣು ಲಾರಿ ಹತ್ತುವ ಮೊದಲೇ, ಬೊಲೆರೋ ಪಿಕಪ್‌ನಲ್ಲಿ. ಹಾಗಾಗಿ ಲಾರಿಯೊಂದಕ್ಕೇ ಡಬ್ಬಿ ಕಟ್ಟಿ ನಿಲ್ಲಿಸಬೇಡಿ. ತೋಟದಲ್ಲೇ ಒಂದು ಬಾಕ್ಸ್‌ಗೆ ಕಟ್ಟಿ ಕಳಿಸಿ, ಮಂಡಿಯಲ್ಲಿ ಅದೇ ಬಾಕ್ಸ್ ಲಾರಿಗೆ ಏರಲಿ.

ಲಾರಿ ವಾಪಸ್ ಬಂದ ದಿನವೇ ಆರು ಮುಖದ ಪರೀಕ್ಷೆ ಮತ್ತೆ ಮಾಡಿ. ಹೋಗುವ ಮುಂಚಿನ ಆಫ್‌ಸೆಟ್‌ಗೂ ಬಂದ ಮೇಲಿನದಕ್ಕೂ ಎರಡು ಮೂರು ಎಣಿಕೆಗಿಂತ ಜಾಸ್ತಿ ವ್ಯತ್ಯಾಸ ಇದ್ದು, ಅದು ಬಿಸಿಲಿನ ಲೆಕ್ಕಕ್ಕೂ ಸಿಗದಿದ್ದರೆ, ಆ ಟ್ರಿಪ್‌ನ ಫೈಲನ್ನು ಯಾರ ಬಾಡಿಗೆ ಲೆಕ್ಕಕ್ಕೂ ಬಳಸಬೇಡಿ. ಸರಿ ಇದ್ದರೆ ಎರಡೂ ದಿನದ ಕ್ಯಾಲಿಬ್ರೇಶನ್ ಸಂಖ್ಯೆ, ನಿಜವಾದ ವೇಗ, ಡಬ್ಬಿ ಕಟ್ಟಿದ ಜಾಗದ ಫೋಟೋ, ಮೂಲ ಫೈಲ್ ಎಲ್ಲವನ್ನೂ ಒಂದೇ ಫೋಲ್ಡರ್‌ನಲ್ಲಿ ಹಾಕಿ ಡ್ರೈವರ್‌ಗೂ ಒಂದು ಪ್ರತಿ ಕೊಡಿ.